ಕರಿಯ ಮೇಲೆ ಕರಿ

ಬೆಳಿಗ್ಗೆ ಆರೂಕಾಲಿಗೆ ಕುಂದಾ ಪಾಗಿಯ ಫೋನು.
"ಆಯ್ಲೆಂ" ಅನ್ನುತ್ತಾಳೆ. ಬಂತು.
ಅಷ್ಟೇ. ಏನು ಬಂತೆಂದು ನಾನು ಕೇಳುವುದಿಲ್ಲ.
ಮೇ ತಿಂಗಳ ಗಾಳಿ ಪಡುವಣಕ್ಕೆ ಹೊರಳಿದ ಮೇಲೆ
ಅವಳ ಪೋಳೆಂ ದಂಡೆಗೆ ಬರುವುದು ಒಂದೇ:
ಯಾವುದೋ ಹಡಗು ನಡುರಾತ್ರಿ
ಹೊಟ್ಟೆ ತೊಳೆದುಕೊಂಡು ಬಿಟ್ಟದ್ದು,
ಉಂಡೆ ಉಂಡೆ ಡಾಂಬರು.

ಅಲ್ಲಿ ಮರಳು ಬಿಳಿ. ಕಾಣುತ್ತದೆ.
ನಮ್ಮ ತಿಳಮಾತಿಯಲ್ಲಿ ಮರಳೇ ಎಳ್ಳು.
ಕರಿಯ ಮೇಲೆ ಕರಿ ಬಿದ್ದರೆ
ಮೊದಲು ತಿಳಿಯುವುದು ಹಿಮ್ಮಡಿಗೆ,
ಆಮೇಲೆ ಸಾರಿಸಿದ ನೆಲಕ್ಕೆ,
ಆಮೇಲೆ, ಮೂರು ದಿನ ಬಿಟ್ಟು, ನನಗೆ.

ನಾನು ಹಳಿಯಾಳದವಳು.
ಕಡಲು ಕಂಡದ್ದೇ ಆರ್ಡರು ಕೈಗೆ ಬಂದ ಮೇಲೆ.
ಮಾಜಾಳಿ ಉಪಕೇಂದ್ರ. ಒಂದು ತಕ್ಕಡಿ, ಹದಿನೇಳು ರಿಜಿಸ್ಟರು.
ಮೊದಲ ವರ್ಷ ಬರೆದಿದ್ದೇನೆ ನೋಡಿ, ನನ್ನದೇ ಅಕ್ಷರ:
ಅಂಗಾಲಿಗೆ ಗುಳ್ಳೆ, ಹನ್ನೊಂದು ಮಂದಿ, ಎಲ್ಲ ಹೆಂಗಸರು,
ಕಾರಣ ತಿಳಿದಿಲ್ಲ.
ಕಾರಣ ಬಾಗಿಲ ಹಿಂದೆಯೇ ಇತ್ತು, ಸೀಮೆಎಣ್ಣೆ ಶೀಶೆಯಲ್ಲಿ.
ಬಂಡೆಯಿಂದ ಕಲ್ವ ಕೆತ್ತಿ ಬಂದವರು
ಅಂಟಿದ್ದನ್ನು ಅದರಲ್ಲೇ ಉಜ್ಜುತ್ತಿದ್ದರು,
ಮಕ್ಕಳ ಪಾದವನ್ನೂ.

ಕುಂದಾ ಸಿಕ್ಕಿದ್ದು ಅದೇ ಬಂಡೆಗಳ ಮೇಲೆ.
ಅಲ್ಲಿ ಒಂದು ರಾಜ್ಯ ಎಲ್ಲಿ ಮುಗಿಯುತ್ತದೆಂದು
ಕಲ್ಲಿಗೂ ನೆನಪಿಲ್ಲ.
ಯಾರದೋ ಕಾಲನ್ನು ತೊಡೆಯ ಮೇಲಿಟ್ಟುಕೊಂಡು
ತೆಂಗಿನೆಣ್ಣೆ ತೀಡುತ್ತಿದ್ದಳು, ನಿಧಾನ, ಬಾಣಂತಿ ಮನೆಯ ನಿಧಾನ.
ಕಾಲು ನನ್ನ ರಿಜಿಸ್ಟರಿನದು:
ಗುಲಾಬಿ ದುರ್ಗೇಕರ, ಐವತ್ತೆರಡು, ಮಾಜಾಳಿ.
ಕುಂದಾ ತಲೆಯೆತ್ತಿ ನೋಡಿದಳು, ನನ್ನ ಬಿಳಿ ಕೋಟು,
ಎಣ್ಣೆಯ ಬಟ್ಟಲು ಇತ್ತ ದೂಡಿದಳು.
"ಒಂದು ಕಾಲು ಆಯಿತು. ಇನ್ನೊಂದು ನಿನ್ನದು."

ಅವಳ ಮರಳು ನಮಗಾಗಿ ನೋಡುತ್ತದೆ.
ನಾನು ಅವಳಿಗೆ ಕೊಡುವುದು ಜ್ವರದ ಸುದ್ದಿ.
ಬೈತಖೋಲದಲ್ಲಿ ಟ್ರಾಲರಿನಿಂದ ಇಳಿದ ಒಡಿಶಾದ ಹುಡುಗ
ಮಂಗಳವಾರ ನಮ್ಮ ಬೆಂಚಿನ ಮೇಲೆ ಗಡಗಡ.
ರಕ್ತದಲ್ಲಿ ಮಲೇರಿಯಾ. ಹದಿನಾಲ್ಕು ದಿನದ ಗುಳಿಗೆ.
ಭಾನುವಾರ ಅವನ ಬೋಟು ಗೋವಾಕ್ಕೆ.
ಫಾರ್ಮಿನಲ್ಲಿ ಇದಕ್ಕೆ ಕಾಲಂ ಇಲ್ಲ.
ನಾನು ಬರೆದು ಕಳಿಸುತ್ತೇನೆ:
ಐದು ನನ್ನೆದುರು ನುಂಗಿದ, ಆರರಿಂದ ನಿನ್ನವು.
ಒಂಬತ್ತು ದಿನ ಮೌನ.
ಆಮೇಲೆ ಒಂದು ಫೋಟೊ: ಅಗಲ ತೆರೆದ ಬಾಯಿ,
ನಾಲಿಗೆಯ ಮೇಲೆ ಏನೂ ಇಲ್ಲ.
ಇದಕ್ಕಿಂತ ಚಂದದ ಚಿತ್ರ ನನ್ನ ಫೋನಿನಲ್ಲಿಲ್ಲ,
ನನ್ನ ಮದುವೆಯದನ್ನೂ ಸೇರಿಸಿ.

"ಹೊರರಾಜ್ಯಕ್ಕೆ ಮಾಹಿತಿ ಕೊಡಲು ಆದೇಶ ಇದೆಯೇನ್ರಿ?"
ಸಾಹೇಬರು ಕಾರವಾರದಿಂದ ಕೇಳಿದರು.
ಇಲ್ಲ ಸರ್.
"ಹ್ಞಾಂ" ಅಂದರು. ಬೇಡವೆನ್ನಲಿಲ್ಲ.

ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಲ್ಲಿಸಿ ಚೀಲ ತಡವುತ್ತಾರೆ.
ನನ್ನದರಲ್ಲಿ ಡಬ್ಬಿ ಸಿಕ್ಕಿತು. ಪೇದೆಯ ಕಣ್ಣು ಮಿನುಗಿತು.
"ಫೆನ್ನಿಯಾ?"
ಮುಚ್ಚಳ ತೆಗೆದು ಮೂಸಿ ಮುಖ ಕಿವುಚಿದ.
ಡಾಂಬರು, ಮಾದರಿಗೆ, ಅಂದೆ.
"ಇದನ್ನೂ ಅಲ್ಲಿಂದ ತರಬೇಕಾ, ಮೇಡಂ?"
ಇಡೀ ಬಸ್ಸು ನಕ್ಕಿತು. ನಾನೂ.
ತರಬೇಕಪ್ಪ. ಅಲ್ಲಾದರೆ ಕಾಣುತ್ತದೆ.

ಈ ವರ್ಷ ಕುಂದಾ ಒಂದು ಗಂಟು ಕಳಿಸಿದಳು.
ಆಸ್ಪತ್ರೆಯ ಹಳೆ ಹಾಸು, ನಾಲ್ಕು,
ಮೂಲೆಯಲ್ಲಿ ಅವರ ಸರ್ಕಾರದ ಮಾಸಿದ ಮೊಹರು.
ಭರತಿಯ ಗೆರೆಯುದ್ದಕ್ಕೂ ಎಳ್ಳಿನ ಮೇಲೆ ಹಾಸಿ
ಗುಲಾಬಿ ಅಂಚಿಗೆ ಕಲ್ಲು ಹೇರಿದಳು.
ಎರವಲು ತಂದ ಬಿಳಿ ಅಷ್ಟುದ್ದ ಮಲಗಿತು.

ನೀರು ಬಂದು ಹೋಯಿತು.
ನಾವು ಎಣಿಸತೊಡಗಿದೆವು. ಮೂವತ್ತು. ನಲವತ್ತು.
ಮಕ್ಕಳು ಚಪ್ಪಲಿ ಹಾಕಿಕೊಂಡು ದೂರ ನಿಂತಿದ್ದರು,
ಹೇಳಿದ ಹಾಗೆ, ಮೊದಲ ಸಲ.

ಆಗ ಒಂದು ಏಡಿ
ಹಾಸಿನ ಅಡ್ಡಕ್ಕೆ ನಡೆದು ಹೋಯಿತು,
ಎಂಟೂ ಕಾಲಿನ ಕರಿ ಗುರುತು ಬಿಡುತ್ತ.

"ಅದರ ಕಾಲಿಗೆ?" ಕೇಳಿದಳು ಗುಲಾಬಿ.

ಎಣ್ಣೆಯ ಬಟ್ಟಲು ನನ್ನ ಕೈಯಲ್ಲೇ ಇತ್ತು.